ಆಲೆಮನೆಯ ‘ಲೊಕೇಶನ್’ ಸರಿಯಾಗಿ ಕಳಿಸುವುದು ಹೇಗೆ?

ಮಂಡ್ಯ, ಪಾಂಡವಪುರದ ಕಡೆ ಕಬ್ಬಿನ ಗದ್ದೆಗಳ ನಡುವಿನ ಆಲೆಮನೆಗೆ ಬಾಗಿಲ ಸಂಖ್ಯೆ ಇರುವುದಿಲ್ಲ, ಅಲ್ಲಿಗೆ ಹೋಗುವ ದಾರಿಗೆ ಹೆಸರೂ ಇರುವುದಿಲ್ಲ. ಬೆಲ್ಲ ತುಂಬಲು ಬರುವ ಲಾರಿಯವರು ಮೊದಲೆಲ್ಲ ಊರೂರಲ್ಲಿ ನಿಲ್ಲಿಸಿ ವಿಚಾರಿಸಬೇಕಿತ್ತು. ಈಗ ‘ಲೊಕೇಶನ್ ಕಳಿಸಿ’ ಎನ್ನುತ್ತಾರೆ. ಕಳಿಸಿದ ಗುರುತು ಪಕ್ಕದ ಗದ್ದೆಯಲ್ಲಿ ಬಿದ್ದರೆ ಮತ್ತೆ ಅದೇ ಅಲೆದಾಟ.

ಮೊಬೈಲ್‌ಗೆ ತಾನಿರುವ ಜಾಗ ತಿಳಿಯಲು ನೆರವಾಗುವ ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ದಿನಕ್ಕೆರಡು ಬಾರಿ ಭೂಮಿಯನ್ನು ಸುತ್ತುತ್ತವೆ. ತಾವು ಎಲ್ಲಿದ್ದೇವೆ, ತಮ್ಮ ಪರಮಾಣು ಗಡಿಯಾರದಲ್ಲಿ ಗಂಟೆ ಎಷ್ಟು ಎಂಬುದನ್ನು ಬಿಡುವಿಲ್ಲದೆ ಸಾರುತ್ತಿರುತ್ತವೆ. ಮೊಬೈಲ್ ಅದನ್ನು ಕೇಳಿಸಿಕೊಳ್ಳುತ್ತದೆ ಅಷ್ಟೆ, ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ. ಮಿಂಚು ಕಂಡ ಮೇಲೆ ಗುಡುಗು ಎಷ್ಟು ಹೊತ್ತಿಗೆ ಕೇಳಿತು ಎಂಬುದರಿಂದ ಸಿಡಿಲಿನ ದೂರವನ್ನು ಅಂದಾಜಿಸುವ ಹಾಗೆ, ಸಂಕೇತ ಬಂದು ತಲುಪಲು ಹಿಡಿದ ಹೊತ್ತಿನಿಂದ ದೂರವನ್ನು ಲೆಕ್ಕ ಹಾಕುತ್ತದೆ. ಮೂರು ಉಪಗ್ರಹಗಳ ದೂರ ಸಿಕ್ಕರೆ ಜಾಗ ತಿಳಿಯುತ್ತದೆ. ಮೊಬೈಲ್ ಗಡಿಯಾರದ ತಪ್ಪನ್ನು ತಿದ್ದಲು ನಾಲ್ಕನೆಯದೂ ಬೇಕು. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸವಾಗುತ್ತದೆ! 2000ನೇ ಇಸವಿಯ ಮೇ ತಿಂಗಳವರೆಗೆ ಜನಸಾಮಾನ್ಯರಿಗೆ ಸಿಗುವ ಸಂಕೇತವನ್ನು ಅಮೆರಿಕ ಬೇಕೆಂದೇ ಮಸುಕಾಗಿಸಿತ್ತು. ಈಗ ಜಿಪಿಎಸ್‌ನಂಥದ್ದೇ ನಮ್ಮ ದೇಶದ ವ್ಯವಸ್ಥೆ ನಾವಿಕ್ ಇದೆ. ಅದರ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೊ ಕೇಂದ್ರ ಪಕ್ಕದ ಹಾಸನದಲ್ಲಿದೆ ಎಂಬುದು ನನಗಂತೂ ಹೆಮ್ಮೆ.

ಇನ್ನು ಕೆಲಸಕ್ಕೆ ಬರೋಣ. ಮೊದಲು ಆಲೆಮನೆಯ ಚಾವಣಿಯಡಿಯಿಂದ, ತೆಂಗಿನ ಮರಗಳ ಮರೆಯಿಂದ ಬಯಲಿಗೆ ಬನ್ನಿ. ಮೊಬೈಲ್‌ನಲ್ಲಿ ಲೊಕೇಶನ್ ಆನ್ ಮಾಡಿ ಮ್ಯಾಪ್ ತೆರೆಯಿರಿ. ನೀಲಿ ಚುಕ್ಕೆಯ ಸುತ್ತ ತೆಳು ಬಣ್ಣದ ವೃತ್ತ ಕಾಣುತ್ತದೆ. ನೀವು ಆ ವೃತ್ತದೊಳಗೆ ಎಲ್ಲಾದರೂ ಇರಬಹುದು ಎಂದು ಅದರ ಅರ್ಥ. ಅದು ಕುಗ್ಗುವವರೆಗೆ ಕಾಯಿರಿ. ಬಹಳ ಜನ ಆತುರ ಪಡುವುದು ಇಲ್ಲೇ.

ಎರಡನೆಯದಾಗಿ, ಗುರುತನ್ನು ಕೊಪ್ಪರಿಗೆಯ ಪಕ್ಕ ನಿಂತು ಕಳಿಸಬೇಡಿ, ಲಾರಿ ತಿರುಗಬೇಕಾದ ಕಡೆ ನಿಂತು ಕಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಸದ್ಯದ ಲೊಕೇಶನ್ ಆರಿಸಿ. ಲೈವ್ ಲೊಕೇಶನ್ ಕಳಿಸಿದರೆ ಗುರುತು ನಿಮ್ಮ ಜೊತೆಗೇ ಚಲಿಸುತ್ತದೆ. ನೀವು ಊಟಕ್ಕೆಂದು ಮನೆಗೆ ಹೋದರೆ ಲಾರಿಯೂ ನಿಮ್ಮ ಮನೆಗೇ ಬರುತ್ತದೆ.

ಬರುವವರು ಮೈಸೂರಿನಿಂದ ಹೊರಡುವ ಮೊದಲೇ ಈ ಭಾಗದ ಮ್ಯಾಪನ್ನು ಡೌನ್‌ಲೋಡ್ ಮಾಡಿಕೊಳ್ಳಲಿ. ಉಪಗ್ರಹದ ಸಂಕೇತಕ್ಕೆ ಇಂಟರ್ನೆಟ್ ಬೇಕಿಲ್ಲ, ಪರದೆಯ ಮೇಲಿನ ರಸ್ತೆಗಳಿಗೆ ಬೇಕು.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಉಪಗ್ರಹದಿಂದ ತಿಳಿಯುವುದು ನಾವಿರುವ ಜಾಗ ಮಾತ್ರ. ದಾರಿಯನ್ನು ಆರಿಸುವುದು ಮ್ಯಾಪ್. ಅದು ಹತ್ತಿರವೆಂದು ನಾಲೆ ಏರಿಯ ಮೇಲಿನ ಕಿರುದಾರಿಯನ್ನೇ ತೋರಿಸೀತು. ಅಲ್ಲಿ ತಡೆಗೋಡೆ ಇದೆಯೇ, ಮಳೆಗೆ ಅಂಚು ಕುಸಿದಿದೆಯೇ, ಮೋರಿ ಲಾರಿಯ ಭಾರ ತಡೆದೀತೇ ಎಂಬುದು ಗೊತ್ತಿರುವುದು ಊರಿನವರಿಗೆ. ಆದ್ದರಿಂದ ಲೊಕೇಶನ್ ಕೆಳಗೆ ಒಂದು ಸಾಲು ಬರೆಯಿರಿ: ‘ಕಬ್ಬಿನ ಲಾರಿ ಓಡಾಡುವ ರಸ್ತೆಯಲ್ಲೇ ಬನ್ನಿ. ಏರಿ ಮೇಲೆ, ಅದರಲ್ಲೂ ಕತ್ತಲಾದ ಮೇಲೆ, ಬರಬೇಡಿ.’