ಬಿ.ಎಡ್. ಮಕ್ಕಳು ನಮ್ಮ ಶಾಲೆಗೆ ಬಂದಾಗ ನಾನು ಮಾಡಿಸುವುದು

ನಮ್ಮದು ಬೆಂಗಳೂರಿನ ಉತ್ತರ ಭಾಗದ ಒಂದು ಸರ್ಕಾರಿ ಶಾಲೆ. ಹೆಬ್ಬಾಳ ದಾಟಿದ ಮೇಲೆ ಎಲ್ಲಿ ನೋಡಿದರೂ ಅಪಾರ್ಟ್‌ಮೆಂಟ್ ಏಳುತ್ತಿವೆ. ಅವನ್ನು ಕಟ್ಟುವವರ ಮಕ್ಕಳು ನಮ್ಮಲ್ಲಿ ಓದುತ್ತಾರೆ. ಒಂದೇ ಆರನೇ ತರಗತಿಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು, ಹಿಂದಿ, ನೇಪಾಳಿ ಎಲ್ಲ ಕೇಳಿಸುತ್ತದೆ. ರಾಯಚೂರು, ಯಾದಗಿರಿ ಕಡೆಯಿಂದ ಬಂದ ಮಕ್ಕಳ ಕನ್ನಡಕ್ಕೂ ಪಠ್ಯಪುಸ್ತಕದ ಕನ್ನಡಕ್ಕೂ ಅಷ್ಟಕ್ಕಷ್ಟೆ. ನಾನು ಗಣಿತದ ಟೀಚರ್. ಪ್ರತಿ ವರ್ಷ ಬಿ.ಎಡ್. ಓದುವವರು ಇಂಟರ್ನ್‌ಶಿಪ್‌ಗೆ ಬರುತ್ತಾರೆ. ಗಣಿತದವರು ನನ್ನ ಪಾಲು.

ಬರುವವರು ಓದಿಕೊಂಡೇ ಬಂದಿರುತ್ತಾರೆ. ಸಮನ್ವಯ ಶಿಕ್ಷಣ, ಅಂದರೆ ಎಲ್ಲ ಬಗೆಯ ಮಕ್ಕಳನ್ನೂ ಒಂದೇ ತರಗತಿಯಲ್ಲಿ ಕಲಿಸುವುದು, ಅದರ ಬಗ್ಗೆ ಬರೆಯಿರಿ ಅಂದರೆ ಪುಟಗಟ್ಟಲೆ ಬರೆಯುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಪಟ್ಟಿಯಾಗಿದೆ, ಕಲಿಕಾ ನ್ಯೂನತೆಯೂ ಅದರಲ್ಲಿದೆ ಅಂತ ಥಟ್ಟನೆ ಹೇಳುತ್ತಾರೆ. ಕೈಯಲ್ಲಿ ಬಣ್ಣಬಣ್ಣದ ಚಾರ್ಟು, ಪಾಠ ಯೋಜನೆಯ ದಪ್ಪ ಫೈಲು. ಅದನ್ನೆಲ್ಲ ಸ್ಟಾಫ್ ರೂಮಿನಲ್ಲಿ ಇಡಿ ಅನ್ನುತ್ತೇನೆ. ಮೊದಲ ವಾರ ಪಾಠ ಇಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಒಂದೇ ಒಂದು ಮಗುವನ್ನು ನೋಡಬೇಕು, ಅಷ್ಟೇ.

ನೋಡಿದ್ದನ್ನು ಬರೆಯುವುದಕ್ಕೆ ಒಂದು ನೋಟ್‌ಬುಕ್. ಪುಟದ ಮಧ್ಯೆ ಗೆರೆ. ಎಡಕ್ಕೆ ಕಂಡದ್ದು, ಬಲಕ್ಕೆ ಅನ್ನಿಸಿದ್ದು. ಕೇಳುವುದಕ್ಕೆ ಸುಲಭ, ಆದರೆ ಮೊದಲ ಎರಡು ದಿನ ಎಲ್ಲರೂ ಎಡಗಡೆಯಲ್ಲೇ "ಹುಡುಗಿಗೆ ಆಸಕ್ತಿ ಇಲ್ಲ" ಅಂತ ಬರೆಯುತ್ತಾರೆ. ಆಸಕ್ತಿ ಕಣ್ಣಿಗೆ ಕಾಣುತ್ತದಾ? ಅದನ್ನು ಬಲಕ್ಕೆ ಹಾಕಿ, ಎಡಕ್ಕೆ ಏನು ಕಂಡಿತು ಬರೆಯಿರಿ ಅನ್ನುತ್ತೇನೆ. ಆಗ ಬರುತ್ತದೆ: "ಮೊದಲ ಪೀರಿಯಡ್ ಮುಗಿಯುವ ತನಕ ಪುಸ್ತಕ ತೆಗೆಯಲಿಲ್ಲ. ಕಿಟಕಿಯಿಂದ ಅಂಗನವಾಡಿ ಕಡೆ ನೋಡುತ್ತಿದ್ದಳು." ಅಲ್ಲಿ ಅವಳ ತಮ್ಮ ಇದ್ದಾನೆ. ಅವನು ಅಳುವುದು ನಿಲ್ಲಿಸುವ ತನಕ ಇವಳಿಗೆ ಲಸಾಅ, ಮಸಾಅ ಯಾವುದೂ ತಲೆಗೆ ಹೋಗುವುದಿಲ್ಲ. ಪರಿಹಾರ ದೊಡ್ಡದೇನಲ್ಲ. ಅವಳ ಜಾಗ ಬದಲಾಯಿಸಿ, ಅಂಗನವಾಡಿ ಟೀಚರಿಗೆ ಒಂದು ಮಾತು ಹೇಳಿದೆವು.

ಇನ್ನೊಬ್ಬ ಹುಡುಗ ಬಿಹಾರದಿಂದ ಬಂದವನು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು, ಟಿ.ಸಿ. ಇಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ. ಹಾಗಾಗಿ ಆರನೇ ತರಗತಿಗೆ ಬಂದ. ಕನ್ನಡ ಬೇಗ ಹಿಡಿದ. ಆದರೆ ಸಂಖ್ಯೆ ಹೇಳಿ ಬರೆಸಿದರೆ 45 ಅನ್ನುವ ಕಡೆ 54, 72 ಅನ್ನುವ ಕಡೆ 27. ನಮ್ಮ ಟ್ರೈನಿ ಬಲಗಡೆ "ಕಲಿಕಾ ನ್ಯೂನತೆ ಇರಬಹುದು" ಅಂತ ಬರೆದ. ಸರಿಯಾದ ಕಡೆಯೇ ಬರೆದಿದ್ದ, ಅದಕ್ಕೆ ಭೇಷ್ ಅಂದೆ. ಈಗ ಉತ್ತರ ನೋಡಬೇಡ, ಪೆನ್ಸಿಲ್ಲಿನ ತುದಿ ನೋಡು ಅಂದೆ.

ಮಾರನೇ ದಿನ ಪಕ್ಕದಲ್ಲೇ ಕೂತು ನೋಡಿದ. ನಲವತ್ತೈದು ಅಂದ ತಕ್ಷಣ ಹುಡುಗನ ತುಟಿ ಅಲ್ಲಾಡುತ್ತದೆ, "ಪೈಂತಾಲೀಸ್". ಆಮೇಲೆ ಪೆನ್ಸಿಲ್ ಮೊದಲು 5 ಬರೆಯುತ್ತದೆ, ಎಡಕ್ಕೆ ಜಾಗ ಬಿಟ್ಟಿರುತ್ತದೆ, ಅಲ್ಲಿ 4 ಕೂರಿಸುತ್ತದೆ. ನಿಧಾನಕ್ಕೆ ಹೇಳಿದರೆ ಎಲ್ಲ ಸರಿ. ಗಡಿಬಿಡಿ ಮಾಡಿದರೆ ಎಡಕ್ಕೆ ಜಾಗ ಬಿಡುವುದು ಮರೆತು 54 ಆಗುತ್ತದೆ. ಹಿಂದಿ, ಉರ್ದುವಿನಲ್ಲಿ ಬಿಡಿ ಮೊದಲು ಬರುತ್ತದೆ, ಹತ್ತು ಆಮೇಲೆ. ಕನ್ನಡ, ತೆಲುಗು, ತಮಿಳಿನಲ್ಲಿ ಹತ್ತು ಮೊದಲು. ಮನೆಯಲ್ಲಿ ತೆಲುಗು ಮಾತಾಡುವ ಮಗುವಿಗೆ ನಮ್ಮ ಎಣಿಕೆ ಸಲೀಸು, ಇವನಿಗೆ ಉಲ್ಟಾ. ಹತ್ತು, ಬಿಡಿ ಅಂತ ಎರಡು ಮನೆ ಗೆರೆ ಹಾಕಿಕೊಟ್ಟು ಅದರಲ್ಲಿ ಬರೆಸಿದೆವು. ಬಾಯಿಲೆಕ್ಕ ಕೊಡುವಾಗ ಸಂಖ್ಯೆಯನ್ನು ಬೋರ್ಡಿನ ಮೇಲೂ ಬರೆದೆವು. ತಿರುಗುಮುರುಗು ಕಮ್ಮಿಯಾಯಿತು.

ಹಾಗಂತ ಕಲಿಕಾ ನ್ಯೂನತೆ ಸುಳ್ಳು ಅಂತಲ್ಲ. ಎರಡು ಮನೆ ಹಾಕಿಕೊಟ್ಟು, ಹಿಂದಿಯಲ್ಲೇ ಕೇಳಿ, ಸಮಯ ಕೊಟ್ಟ ಮೇಲೂ ಹಾಗೇ ಇದ್ದಿದ್ದರೆ ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳಿಗಾಗಿ ಬ್ಲಾಕ್ ಮಟ್ಟದಲ್ಲಿರುವ ಸಂಪನ್ಮೂಲ ಶಿಕ್ಷಕರು) ಅವರಿಗೆ ಹೇಳಿ ಪರೀಕ್ಷೆ ಮಾಡಿಸುವುದು ನಮ್ಮ ಕೆಲಸ. ಅದನ್ನು ತೀರ್ಮಾನಿಸುವುದು ಮಾತ್ರ ನಮ್ಮ ಕೆಲಸವಲ್ಲ. ಟ್ರೈನಿಗಳು ಆ ಎಡಗಡೆಯ ಕಾಲಂ ತುಂಬ ಬರೆದಿಟ್ಟರೆ ಪರೀಕ್ಷೆ ಮಾಡುವವರಿಗೂ ಅನುಕೂಲ.

ಎರಡನೇ ವಾರದಿಂದ ಪಾಠ. ಒಂದು ಪಾಠದಲ್ಲಿ ಒಂದೇ ಬದಲಾವಣೆ, ಅದೂ ನೀವು ನೋಡಿದ ಮಗುವಿಗೋಸ್ಕರ. ಇದು ನನ್ನ ಹಟ ಅಂತಲೇ ಇಟ್ಟುಕೊಳ್ಳಿ. ಎಲ್ಲರಿಗೂ ಎಲ್ಲವನ್ನೂ ಮಾಡಲು ಹೋದವರು ವಾರದೊಳಗೆ ಸುಸ್ತಾಗಿ ಗೈಡ್ ಹಿಡಿದು ನಿಂತದ್ದನ್ನು ನೋಡಿದ್ದೇನೆ. ವಿಸ್ತೀರ್ಣದ ಪಾಠಕ್ಕೆ ಒಬ್ಬಳು ಪುಸ್ತಕದ ಹೊಲದ ಲೆಕ್ಕ ಬಿಟ್ಟು ಟೈಲ್ಸ್ ತಂದಳು. ಹತ್ತು ಅಡಿಗೆ ಹನ್ನೆರಡು ಅಡಿ ರೂಮು, ಎರಡಡಿಗೆ ಎರಡಡಿ ಟೈಲ್ಸ್, ಎಷ್ಟು ಬೇಕು? ತರಗತಿ ಲೆಕ್ಕ ಹಾಕಿ 30 ಅಂದಿತು. ಅಲ್ಲಿಯ ತನಕ ಬಾಯಿ ಬಿಡದ ಹುಡುಗನೊಬ್ಬ, "ಮಿಸ್, 30 ತಂದ್ರೆ ಸಾಲಲ್ಲ, ಕಟಿಂಗಲ್ಲಿ ಒಡಿತದೆ, ಮೂರ್ನಾಲ್ಕು ಜಾಸ್ತಿ ತರ್ಬೇಕು" ಅಂದ. ಅವಳು "ನಿಮ್ಮಪ್ಪ ಟೈಲ್ಸ್ ಕೆಲಸದವರಾ?" ಅಂತ ಕೇಳಲಿಲ್ಲ. ಎಷ್ಟು ಪರ್ಸೆಂಟ್ ಜಾಸ್ತಿ ಆಯಿತು ಅಂತ ಲೆಕ್ಕ ಮುಂದುವರಿಸಿದಳು. ಅವತ್ತು ನನಗೆ ತುಂಬ ಇಷ್ಟವಾದದ್ದು ಅದೇ.

ಯಾಕೆ ಅಂದರೆ ನಮ್ಮವರು ಎಡವುವುದೇ ಅಲ್ಲಿ. ಅಪ್ಪನ ಕೆಲಸ, ಜಾತಿ, ಊರು, ಎಲ್ಲವನ್ನೂ ನಲವತ್ತು ಮಕ್ಕಳ ಎದುರು ಕೇಳುತ್ತಾರೆ. ಸ್ಕಾಲರ್‌ಶಿಪ್ ಅರ್ಜಿ ಬಂದರೆ ಸುಮ್ನೆ "ಎಸ್‌ಸಿ, ಎಸ್‌ಟಿ ಮಕ್ಕಳು ಎದ್ದು ನಿಲ್ಲಿ" ಅನ್ನುವುದು ಹಲವು ಕಡೆ ಇನ್ನೂ ಇದೆ. ಕೆಟ್ಟ ಉದ್ದೇಶ ಇರುವುದಿಲ್ಲ, ಬೇಗ ಆಗಲಿ ಅಂತ ಅಷ್ಟೇ. ನಿಂತ ಮಗುವಿಗೆ ಮಾತ್ರ ಅದು ವರ್ಷಪೂರ್ತಿ ಅಂಟಿಕೊಳ್ಳುತ್ತದೆ. ನಾನು ಹೆಸರು ನೋಡಿ ಚೀಟಿ ಬರೆದು, ಹೋಂವರ್ಕ್ ಪುಸ್ತಕ ವಾಪಸ್ ಕೊಡುವಾಗ ಒಳಗಿಟ್ಟು ಕೊಡುತ್ತೇನೆ. ಟ್ರೈನಿಗಳ ಕೈಯಲ್ಲೂ ಹಾಗೇ ಮಾಡಿಸುತ್ತೇನೆ.

ಮನೆ ಕಡೆ ಹೋಗುವುದಾದರೆ ಸಂಜೆ ಆರೂವರೆ ಮೇಲೆ, ಇಲ್ಲ ಭಾನುವಾರ. ಅಮ್ಮಂದಿರು ಕೆಲಸದಿಂದ ಬಂದಿರುತ್ತಾರೆ. ಶೆಡ್ಡಿನ ಮುಂದೆ ನಿಂತು ಫೋಟೋ ತೆಗೆಯಬಾರದು. ಹಾಜರಿಯ ಬಗ್ಗೆ ದೂರು ಹೇಳುವ ಮೊದಲು ಊರಿಗೆ ಯಾವಾಗ ಹೋಗುತ್ತೀರಿ ಅಂತ ಕೇಳಬೇಕು. ಹತ್ತಿ ಬಿಡಿಸುವ ಕಾಲಕ್ಕೆ ರಾಯಚೂರಿನವರು ಹೊರಟೇಬಿಡುತ್ತಾರೆ. ಮೊದಲೇ ಗೊತ್ತಿದ್ದರೆ ಆ ಮಗುವಿನ ಚೀಲಕ್ಕೆ ಲೆಕ್ಕದ ಹಾಳೆಗಳನ್ನು ಹಾಕಿ ಕಳಿಸಬಹುದು. ಮಾಡಿಕೊಂಡು ಬರುವವರು ಕಮ್ಮಿ, ಆದರೆ ಹಾಳೆ ಕೊಟ್ಟ ಮಕ್ಕಳು ವಾಪಸ್ ಬಂದಾಗ ತರಗತಿಯೊಳಗೆ ಬರಲು ಹಿಂಜರಿಯುವುದಿಲ್ಲ.

ಇಂಟರ್ನ್‌ಶಿಪ್ ಮುಗಿಯುವ ವಾರ ಪ್ರತಿಯೊಬ್ಬರೂ ತಾವು ನೋಡಿದ ಮಗುವಿನ ಬಗ್ಗೆ ಅರ್ಧ ಪುಟ ಬರೆದು ಕೊಡಬೇಕು. ಗುಣಗಾನ ಬೇಡ, ಮನೆ ಕಷ್ಟದ ಕಥೆಯೂ ಬೇಡ. "ಬೋರ್ಡಿನಿಂದ ಇಳಿಸಿಕೊಳ್ಳಲು ಎರಡು ನಿಮಿಷ ಜಾಸ್ತಿ ಕೊಡಿ", "ಕಿಟಕಿ ಪಕ್ಕ ಕೂರಿಸಬೇಡಿ", "ಹಿಂದಿಯಲ್ಲಿ ಎಣಿಸಿದರೆ ತಡೆಯಬೇಡಿ" ಇಷ್ಟು ಸಾಕು. ಅದನ್ನು ಮುಂದಿನ ವರ್ಷದ ಕ್ಲಾಸ್ ಟೀಚರ್ ಕೈಗೆ ನಾನೇ ಕೊಡುತ್ತೇನೆ. ಓದುತ್ತಾರಾ ಅಂದರೆ ಕೆಲವರು ಓದುತ್ತಾರೆ. ಓದದವರಿಗೆ ಊಟದ ಬಿಡುವಿನಲ್ಲಿ ಬಾಯಲ್ಲೇ ಹೇಳಿಬಿಡುತ್ತೇನೆ.