ವಯೋಲ ಡ ಗಂಬಾದ ಮುಖಹಲಗೆಯನ್ನು ಬಾಗಿಸುವ ಬಗೆ

17ನೆಯ ಶತಮಾನದ ಲಂಡನ್ನಿನಲ್ಲಿ ವಯೋಲ ಡ ಗಂಬಾ (ಕಾಲುಗಳ ನಡುವೆ ಹಿಡಿದು ಕಮಾನಿನಿಂದ ನುಡಿಸುವ ತಂತಿವಾದ್ಯ) ತಯಾರಿಸುತ್ತಿದ್ದವರು, ತಂತಿಗಳ ಕೆಳಗಿರುವ ಉಬ್ಬಿದ ಮುಖಹಲಗೆಯನ್ನು ದಪ್ಪ ಮರದಿಂದ ಕೆತ್ತುವ ಬದಲು, ಹಲವು ವೇಳೆ ಸ್ಪ್ರೂಸ್ ಮರದ ಐದು ಪಟ್ಟಿಗಳನ್ನು ಕಾವಿಗೆ ಬಾಗಿಸಿ ಪಕ್ಕಪಕ್ಕಕ್ಕೆ ಅಂಟಿಸುತ್ತಿದ್ದರು. ಸಣ್ಣ ಕಾರ್ಯಾಗಾರಕ್ಕೆ ಒಪ್ಪುವ ವಿಧಾನ ಇದೇ ಎಂಬುದು ನನ್ನ ದೃಢ ಅಭಿಪ್ರಾಯ. ಮರವೂ ಉಳಿಯುತ್ತದೆ, ಅದರ ಎಳೆಯೂ ಕಡಿಯದೆ ಉಬ್ಬಿನುದ್ದಕ್ಕೂ ಸಾಗುತ್ತದೆ.

ಪ್ರಾಣಿಗಳ ಚರ್ಮದಿಂದ ತಯಾರಿಸಿದ ಅಂಟನ್ನು ಹಿಂದಿನ ರಾತ್ರಿಯೇ ತಣ್ಣೀರಿನಲ್ಲಿ ನೆನೆಹಾಕಿ, ಮರುದಿನ ಬಿಸಿನೀರಿನ ಪಾತ್ರೆಯೊಳಗಿಟ್ಟು ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಬೇಕು. ಕುದಿಸಿದರೆ ಅದರ ಹಿಡಿತ ಕೆಡುತ್ತದೆ. ಪಟ್ಟಿಯನ್ನು ಲಘುವಾಗಿ ಒದ್ದೆ ಮಾಡಿ ಕಾದ ಲೋಹದ ಕೊಳವೆಗೆ ಒತ್ತಿ ಹಿಡಿದಾಗ, ಮರವು ಮೊದಲು ಬಿಗಿಯಾಗಿ ಎದುರೊತ್ತುತ್ತದೆ. ಹಬೆಯೆದ್ದು ಒಳಗೆ ಕಾವೇರಿದ ಮೇಲೆ ಒಮ್ಮೆಗೇ ಕೈಗೆ ಸಡಿಲವಾಗುತ್ತದೆ. ಅದಕ್ಕೂ ಮುನ್ನ ಬಲ ಹಾಕಿದರೆ ಪಟ್ಟಿ ಸೀಳುತ್ತದೆ. ಅಂಚುಗಳನ್ನು ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿದು, ಗೆರೆಯಷ್ಟೂ ಬೆಳಕು ತೂರದಂತೆ ಉಜ್ಜುಗೊರಡಿನಿಂದ ಹೊಂದಿಸಿದ ಮೇಲಷ್ಟೇ ಅಂಟಿಸಬೇಕು.