ಹೊಸ ತಿಂಡಿ ಮುಟ್ಟದವರೂ ತಿಂದ ಸ್ಪ್ರಿಂಗ್ ರೋಲ್: ನನ್ನ ಅನುಭವ

ಪಾರ್ಟಿಗೆ ಸ್ಪ್ರಿಂಗ್ ರೋಲ್ ಮಾಡುತ್ತೇನೆ ಅಂದಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಬರುವವರು ಗೊತ್ತಿರುವ ತಿಂಡಿ ಬಿಟ್ಟು ಬೇರೆ ಮುಟ್ಟದ ಜನ. "ಹೊರಗಿಂದ ಏನಾದರೂ ತರಿಸಿಬಿಡು, ಸುಮ್ನೆ ಕಷ್ಟ ಯಾಕೆ?" ಅಂದರು. ನಾನು ಸುಮಾರು 60 ರೋಲ್ ಮಾಡಿದೆ. ಊಟ ಬಡಿಸುವ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಸುತ್ತುವ ರೀತಿ ನಿಮಗೆಲ್ಲ ಗೊತ್ತಿರುವುದೇ. ಅದನ್ನು ಬಿಟ್ಟು ಮಿಕ್ಕಿದ್ದು ಹೇಳುತ್ತೇನೆ.

ಇಂಥವರಿಗೆ ರುಚಿಗಿಂತ ಮೊದಲು ಬರುವುದು ಅನುಮಾನ. ಒಳಗೆ ಏನಿದೆಯೋ ಅನ್ನುವ ಅನುಮಾನ. ದಪ್ಪ ರೋಲ್ ಕೊಟ್ಟರೆ ಕೈಯೇ ಚಾಚುವುದಿಲ್ಲ. ಅದಕ್ಕೆ ರೋಲ್ ಸುತ್ತುವ ಎಂಟು ಇಂಚಿನ ಹಾಳೆಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ ಎರಡು ತ್ರಿಕೋನ ಮಾಡಿಕೊಂಡೆ. ಒಂದೊಂದಕ್ಕೂ ಒಂದು ಟೇಬಲ್ ಚಮಚ ಹೂರಣ ಸಾಕು. ಬೆರಳು ಗಾತ್ರದ ರೋಲ್ ಬರುತ್ತದೆ. ತಟ್ಟೆಯ ಮುಂದಿನ ಸಾಲಿನಲ್ಲಿ ನಾಲ್ಕೈದನ್ನು ಓರೆಯಾಗಿ ಕತ್ತರಿಸಿ, ಕೋಸು ಕ್ಯಾರೆಟ್ ಕಾಣುವಂತೆ ಇಟ್ಟೆ. ಮೊದಲು ಖಾಲಿಯಾಗಿದ್ದು ಆ ಸಾಲೇ.

ಹೂರಣದಲ್ಲಿ ಅಣಬೆ ಇಲ್ಲ, ವಾಸನೆಯ ಸಾಸ್ ಇಲ್ಲ. ಮುಕ್ಕಾಲು ಕೆಜಿ ಎಲೆಕೋಸು, ನಾಲ್ಕು ಕ್ಯಾರೆಟ್, ಒಂದು ಹಿಡಿ ಬೀನ್ಸ್, ಸ್ವಲ್ಪ ಸಣ್ಣ ನೂಡಲ್ಸ್. ಜೊತೆಗೆ ಶುಂಠಿ, ಬೆಳ್ಳುಳ್ಳಿ, ಕಾಳುಮೆಣಸು, ಎರಡು ಚಮಚ ಸೋಯಾ ಸಾಸ್. ಕೊನೆಗೆ ಇನ್ನೊಂದು ಪದಾರ್ಥ ಚಿಟಿಕೆಯಷ್ಟು ಹಾಕುತ್ತೇನೆ. ಅದು ಮಾತ್ರ ನನ್ನಲ್ಲೇ ಇರಲಿ. ತಿಂದವರೆಲ್ಲ ಅದೇನು ಅಂತ ಕೇಳಿದ್ದಾರೆ, ಯಾರಿಗೂ ಹೇಳಿಲ್ಲ.

ಹಿಂದೆ ನನ್ನ ರೋಲ್‌ಗಳು ಒಡೆಯುತ್ತಿದ್ದುದು, ಹತ್ತೇ ನಿಮಿಷಕ್ಕೆ ಮೆತ್ತಗಾಗುತ್ತಿದ್ದುದು ಎಲ್ಲ ಕೋಸಿನ ನೀರಿನಿಂದಲೇ. ಸೀಲ್ ಸರಿ ಇಲ್ಲ ಅಂತ ಮೈದಾ ಅಂಟು ಜಾಸ್ತಿ ಹಚ್ಚಿ ನೋಡಿದೆ. ಎರಡು ಹಾಳೆ ಸೇರಿಸಿ ಸುತ್ತಿದೆ, ಒಳಪದರ ಹಸಿಯಾಗೇ ಉಳಿಯಿತು. ಎಣ್ಣೆಯೊಳಗೆ ಒಂದು ಒಡೆದರೆ ಕೋಸಿನ ಚೂರು ಸುಟ್ಟು ಇಡೀ ಬಾಣಲೆ ಎಣ್ಣೆ ಕಪ್ಪಾಗುತ್ತದೆ. ಅಷ್ಟೂ ದಂಡ. ಈಗ ಹೆಚ್ಚಿದ ಕೋಸಿಗೆ ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು, ಬಟ್ಟೆಯಲ್ಲಿ ಕಟ್ಟಿ ಹಿಂಡುತ್ತೇನೆ. ಅರ್ಧ ಲೋಟದಷ್ಟು ನೀರು ಇಳಿಯುತ್ತದೆ. ಆಮೇಲೆ ಜೋರು ಉರಿಯಲ್ಲಿ ಎರಡು ಮೂರು ನಿಮಿಷ ಬಾಡಿಸಿ, ಅಗಲ ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸುತ್ತೇನೆ. ಬೆಚ್ಚಗಿರುವಾಗಲೇ ಸುತ್ತಿದರೆ ಹಬೆ ಹಾಳೆಯನ್ನು ಒಳಗಿನಿಂದ ನೆನೆಸಿಬಿಡುತ್ತದೆ. ಕೋಸಿನಲ್ಲಿ ಉಪ್ಪು ಉಳಿದಿರುತ್ತದೆ, ಸೋಯಾ ಸಾಸಿನಲ್ಲೂ ಇದೆ. ಮತ್ತೆ ಉಪ್ಪು ಹಾಕಲೇಬೇಡಿ.

ದುಡ್ಡಿನ ಮಾತಿಗೆ ಬಂದರೆ, ಹೊರಗಿಂದ ತರಿಸಿದ್ದರೆ ಆಗುತ್ತಿದ್ದ ಖರ್ಚಿನ ಮೂರನೇ ಒಂದು ಭಾಗದಲ್ಲಿ ಮುಗಿಯಿತು. ಅದರಲ್ಲೂ ಅರ್ಧ ದುಡ್ಡು ಹೋಗಿದ್ದು ಹಾಳೆಗೇ. ಅದನ್ನೂ ಉಳಿಸೋಣ ಅಂತ ಹಿಂದೊಮ್ಮೆ ಮನೆಯಲ್ಲೇ ಹಾಳೆ ಮಾಡಿದ್ದುಂಟು. ಒಂದು ಕಪ್ ಮೈದಾ, ಒಂದು ಚಮಚ ಕಾರ್ನ್‌ಫ್ಲೋರ್, ಒಂದೂವರೆ ಕಪ್ ನೀರು, ಚೂರು ಉಪ್ಪು. ನಾನ್‌ಸ್ಟಿಕ್ ತವಾ ಮೇಲೆ ಬ್ರಶ್‌ನಲ್ಲಿ ತೆಳ್ಳಗೆ ಬಳಿದು, ಅಂಚು ಎದ್ದಾಗ ತೆಗೆಯುವುದು. ಚೆನ್ನಾಗಿಯೇ ಬಂತು. ಆದರೆ 30 ಹಾಳೆಗೆ ಒಂದು ಗಂಟೆಗಿಂತ ಜಾಸ್ತಿ ನಿಂತೇ ಇರಬೇಕು. ನಾಲ್ಕು ಜನಕ್ಕಾದರೆ ಮಾಡಿ, ಪಾರ್ಟಿಗೆ ಬೇಡ. ಕೊಂಡ ಹಾಳೆಯನ್ನು ಹಿಂದಿನ ರಾತ್ರಿಯೇ ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಸಿ. ಬಿಡಿಸುವಾಗ ಮೇಲೆ ಒದ್ದೆ ಬಟ್ಟೆ ಇರಲಿ, ಇಲ್ಲವಾದರೆ ಅಂಚು ಒಣಗಿ ಸೀಳುತ್ತದೆ.

ಕರಿಯುವುದು ಎರಡು ಸಲ. ಇದನ್ನು ಕೇಳಿ ಎಣ್ಣೆ ಕುಡಿಯುತ್ತದೆ ಅಂದವರೇ ಜಾಸ್ತಿ. ನನ್ನ ಕೈಯಲ್ಲಿ ಹಾಗಾಗಲಿಲ್ಲ. ಮಧ್ಯಾಹ್ನವೇ 160 ಡಿಗ್ರಿಯಲ್ಲಿ ಮೂರು ನಿಮಿಷ, ಬಣ್ಣ ಬರುವ ಮುಂಚೆ ತೆಗೆದುಬಿಟ್ಟೆ. ತಣ್ಣಗಾದ ಮೇಲೆ ಫ್ರಿಜ್‌ಗೆ. ಅತಿಥಿಗಳು ಬಂದು ಕೂತ ಮೇಲೆ 180ರಲ್ಲಿ ಒಂದೂವರೆ ಎರಡು ನಿಮಿಷ. ಒಳಗೂ ಬಿಸಿಯಾಗುತ್ತದೆ. ಹೊಂಬಣ್ಣ, ಗರಿಗರಿ, ಮುಕ್ಕಾಲು ಗಂಟೆಯಾದರೂ ಮೆತ್ತಗಾಗಲಿಲ್ಲ. ಒಂದು ಸಲಕ್ಕೆ ಏಳೆಂಟಕ್ಕಿಂತ ಜಾಸ್ತಿ ಬಿಟ್ಟರೆ ಎಣ್ಣೆಯ ಬಿಸಿ ಇಳಿದು, ಆಗ ನಿಜಕ್ಕೂ ಎಣ್ಣೆ ಕುಡಿಯುತ್ತವೆ. ತೆಗೆದದ್ದನ್ನು ಪೇಪರ್ ಮೇಲೆ ರಾಶಿ ಹಾಕಬೇಡಿ. ಜಾಲರಿ ಮೇಲೆ ಬಿಡಿಬಿಡಿಯಾಗಿ ಇಡಿ.

ಓವನ್‌ನಲ್ಲೂ ಒಂದಷ್ಟು ಮಾಡಿ ನೋಡಿದ್ದೇನೆ. ಎಣ್ಣೆ ಸವರಿ 200 ಡಿಗ್ರಿಯಲ್ಲಿ 18-20 ನಿಮಿಷ. ಗರಿಗರಿ ಆಗುತ್ತದೆ, ಆದರೆ ಬಣ್ಣ ಒಂದೇ ಸಮ ಬರುವುದಿಲ್ಲ. ಅನುಮಾನದ ಜನ ಬಣ್ಣ ನೋಡಿಯೇ ತೀರ್ಮಾನ ಮಾಡುತ್ತಾರೆ, ಅಲ್ವಾ? ಚೀಸ್ ತುಂಬಿದ್ದು ಮಕ್ಕಳಿಗೆ ಇಷ್ಟವಾಯಿತು, ಎಣ್ಣೆಗೆ ಸೋರಿದ್ದೂ ಅದೇ. ಅದಕ್ಕೆ ತುರಿದ ಚೀಸ್ ಅಲ್ಲ, ಫ್ರೀಜರ್‌ನಲ್ಲಿಟ್ಟು ಗಟ್ಟಿ ಮಾಡಿದ ಕಡ್ಡಿಯೇ ಬೇಕು. ಸಾಸ್ ವಿಷಯದಲ್ಲಿ ಟೊಮೆಟೊ ಕೆಚಪ್ ಬಟ್ಟಲು ಮುಂದಿಡಿ, ಸಿಹಿ ಖಾರದ್ದು ಅದರ ಪಕ್ಕದಲ್ಲಿರಲಿ. ಮೊದಲನೆಯದನ್ನು ಕೆಚಪ್‌ನಲ್ಲಿ ಅದ್ದಿದವರೇ ಮೂರನೆಯದಕ್ಕೆ ಪಕ್ಕದ ಬಟ್ಟಲಿಗೆ ಹೋದರು.

ಮುಂದಿನ ಸಲಕ್ಕೆ ಬೇಕಾದರೆ ಸುತ್ತಿದ ಹಸಿ ರೋಲನ್ನು ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟು ಫ್ರೀಜ್ ಮಾಡಿ, ಗಟ್ಟಿಯಾದ ಮೇಲೆ ಕವರಿಗೆ ತುಂಬಿ. ಕರಿಯುವಾಗ ಕರಗಿಸಬೇಡಿ, ನೇರವಾಗಿ ಎಣ್ಣೆಗೆ ಬಿಡಿ. ಒಂದೆರಡು ನಿಮಿಷ ಜಾಸ್ತಿ ಬೇಕಾಗುತ್ತದೆ, ಅಷ್ಟೇ.